ಕ್ಯೋಟೋದಲ್ಲಿ ಒಂದೇ ದಿನ, ಜೊತೆಗೊಬ್ಬ ಖಾಸಗಿ ಗೈಡ್: ‘ನಿಮಗೆ ಬೇಕಾದಂತೆ’ ಎಂದರೆ ಎಷ್ಟು?

ಪ್ರಶ್ನೆ: ನಾವು ಶಿವಮೊಗ್ಗದವರು. ನವೆಂಬರ್ ಕೊನೆಯ ವಾರ ಜಪಾನ್ ಪ್ರವಾಸಕ್ಕೆ ಹೊರಟಿದ್ದೇವೆ. ನಾನು, ನನ್ನ ಪತಿ, 9 ವರ್ಷದ ಮಗಳು, 72 ವರ್ಷದ ಮಾವ ಮತ್ತು 67 ವರ್ಷದ ಅತ್ತೆ ಸೇರಿ ಒಟ್ಟು ಐದು ಜನ. ಒಸಾಕಾದಿಂದ ಟೋಕಿಯೋಗೆ ಹೋಗುವ ನಡುವೆ ಕ್ಯೋಟೋಗೆ ಒಂದೇ ದಿನ ಸಿಗುತ್ತದೆ. ‘ನಿಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದಾದ 8 ಗಂಟೆಗಳ ಖಾಸಗಿ ಗೈಡ್ ಪ್ರವಾಸ’ ಎಂಬುದನ್ನು ನೋಡಿದ್ದೇವೆ. ಫುಶಿಮಿ ಇನಾರಿ ಗುಡಿ, ಕಿಯೊಮಿಜು ದೇವಾಲಯ, ಚಿನ್ನದ ಮಂಟಪದ ಕಿಂಕಾಕುಜಿ, ನಿಜೋ ಕೋಟೆ, ಅರಾಶಿಯಾಮಾದ ಬಿದಿರುವನ, ಹಳೆಯ ಬೀದಿಗಳ ಗಿಯೋನ್, ಸಾಧ್ಯವಾದರೆ ನಾರಾ ಕೂಡ ನೋಡಬೇಕೆಂಬ ಆಸೆ. ಅತ್ತೆಗೆ ಮಂಡಿನೋವು. ಅತ್ತೆ ಮಾವ ಇಬ್ಬರೂ ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ, ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಮೊಬೈಲ್ ಇದ್ದರೆ ಗೈಡ್ ಏಕೆ ಎಂದು ನನ್ನ ಮೈದುನ ಕೇಳುತ್ತಾರೆ. ಗೈಡ್ ಎಂದರೆ ಕಾರೂ ಇರುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಇಷ್ಟು ಹಣ ಕೊಡುವುದು ಸರಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ಹಣದ ಪ್ರಶ್ನೆ ಕೊನೆಗೆ ಬಂದಿದೆ. ಆದರೆ ಅದನ್ನು ಓದಿದಾಗ ನನಗೆ ಕಂಡ ನಿಜವಾದ ಆತಂಕ ಬೇರೆ. ಜೀವನದಲ್ಲಿ ಒಮ್ಮೆ ಹೋಗುವ ಊರಿನಲ್ಲಿ ಏನನ್ನೂ ಬಿಟ್ಟುಬರಬಾರದು, ಹಾಗೆಂದು ಹಿರಿಯರನ್ನು ದಣಿಸಲೂ ಬಾರದು, ಈ ಎರಡನ್ನೂ ಒಬ್ಬ ಗೈಡ್ ಸಾಧಿಸಿಕೊಡಬಲ್ಲರೇ ಎಂಬುದು ನಿಮ್ಮ ಪ್ರಶ್ನೆ. ಕನ್ನಡದ ಕುಟುಂಬಗಳಿಗೆ ಜಪಾನ್ ಪ್ರವಾಸ ರೂಪಿಸಿಕೊಡುವ ಕೆಲಸದಲ್ಲಿ ಬಹಳ ವರ್ಷಗಳಿಂದ ಇರುವ ನಾನು ಇದೇ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಕೇಳುತ್ತಲೇ ಬಂದಿದ್ದೇನೆ. ನಿಮ್ಮ ಕುಟುಂಬಕ್ಕೆ ಗೈಡ್ ಖಂಡಿತ ಉಪಯುಕ್ತ, ಆದರೆ ನೀವು ಬರೆದಿರುವ ಪಟ್ಟಿಗೆ ಅಲ್ಲ.

‘ಬೇಕಾದಂತೆ ಬದಲಿಸಿಕೊಳ್ಳಬಹುದು’ ಎಂಬ ಮಾತಿನಿಂದಲೇ ಆರಂಭಿಸುತ್ತೇನೆ. ಸ್ಥಳಗಳನ್ನು ಆರಿಸುವುದು, ಅವುಗಳ ಕ್ರಮ, ಎಲ್ಲಿ ಎಷ್ಟು ಹೊತ್ತು ಇರಬೇಕು, ಎಲ್ಲಿ ಕೂರಬೇಕು, ಏನನ್ನು ವಿವರಿಸಬೇಕು ಎಂಬುದೆಲ್ಲ ನಿಮ್ಮ ಕೈಯಲ್ಲಿರುತ್ತದೆ. ಊರಿನ ಅಳತೆ, ದೇವಾಲಯ ಮುಚ್ಚುವ ಹೊತ್ತು, ರಸ್ತೆಯ ದಟ್ಟಣೆ ಇವು ಗೈಡ್ ಕೈಯಲ್ಲೂ ಇರುವುದಿಲ್ಲ. 794ರಿಂದ ಸಾವಿರ ವರ್ಷಕ್ಕೂ ಹೆಚ್ಚು ಕಾಲ ರಾಜಧಾನಿಯಾಗಿದ್ದ ಕ್ಯೋಟೋ ಮೂರು ಕಡೆ ಬೆಟ್ಟಗಳಿರುವ ಬಟ್ಟಲಿನಂತಹ ಊರು, ಅದರ ಪ್ರಸಿದ್ಧ ದೇವಾಲಯಗಳು ಬಹುಪಾಲು ಆ ಬಟ್ಟಲಿನ ಅಂಚುಗಳಲ್ಲಿವೆ. ನಿಮ್ಮ ಪಟ್ಟಿಯಲ್ಲಿ ಫುಶಿಮಿ ಇನಾರಿ ಆಗ್ನೇಯಕ್ಕೆ, ಕಿಯೊಮಿಜು ಮತ್ತು ಗಿಯೋನ್ ಪೂರ್ವಕ್ಕೆ, ಕಿಂಕಾಕುಜಿ ವಾಯವ್ಯಕ್ಕೆ, ಅರಾಶಿಯಾಮಾ ಪಶ್ಚಿಮದ ತುದಿಗೆ, ನಿಜೋ ಕೋಟೆ ನಡುವೆ ಇದೆ. ನಾರಾ ಬೇರೆಯೇ ಊರು, ವೇಗದ ರೈಲಿನಲ್ಲೂ ಹೋಗಲು 35ರಿಂದ 45 ನಿಮಿಷ ಬೇಕು.

ಒಮ್ಮೆ ಲೆಕ್ಕ ಹಾಕಿ ನೋಡಿ. 8 ಗಂಟೆ ಎಂದರೆ 480 ನಿಮಿಷ. ಏಳು ಸ್ಥಳಗಳ ನಡುವೆ ಆರು ಬಾರಿ ಓಡಾಟ. ನಡಿಗೆ, ಕಾಯುವಿಕೆ ಎಲ್ಲ ಸೇರಿ ಒಂದಕ್ಕೆ 35 ನಿಮಿಷವೆಂದು ಉದಾರವಾಗಿ ಹಿಡಿದರೂ 210 ನಿಮಿಷ ಹೋಯಿತು. ಊಟಕ್ಕೆ 60, ಶೌಚಾಲಯಕ್ಕೂ ವಿಶ್ರಾಂತಿಗೂ ಸೇರಿ 40. ಉಳಿದ 170 ನಿಮಿಷವನ್ನು ಏಳಕ್ಕೆ ಹಂಚಿದರೆ ಒಂದೊಂದು ಸ್ಥಳಕ್ಕೆ 24 ನಿಮಿಷವಷ್ಟೇ ಸಿಗುತ್ತದೆ, ಅದೂ ನಾರಾದ ನಿಜವಾದ ದೂರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ. ಕಿಯೊಮಿಜುವಿನಲ್ಲಿ ವಾಹನ ಇಳಿದ ಜಾಗದಿಂದ ಬಾಗಿಲು ತಲುಪುವಷ್ಟರಲ್ಲೇ ನಿಮ್ಮ ಅತ್ತೆಗೆ ಆ 24 ನಿಮಿಷದ ದೊಡ್ಡ ಪಾಲು ಮುಗಿದಿರುತ್ತದೆ.

ನೀವು ಹೋಗುವ ಕಾಲವೂ ಲೆಕ್ಕಕ್ಕೆ ಬರಬೇಕು. ನವೆಂಬರ್ ಕೊನೆಯೆಂದರೆ ಮೇಪಲ್ ಎಲೆಗಳು ಕೆಂಪಾಗುವ ಸಮಯ. ವಸಂತದ ಚೆರ್ರಿ ಹೂವಿನ ದಿನಗಳನ್ನು ಬಿಟ್ಟರೆ ಕ್ಯೋಟೋದಲ್ಲಿ ಅತಿ ಹೆಚ್ಚು ಜನ ಸೇರುವುದು ಆಗಲೇ. ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಅನೇಕ ದೇವಾಲಯಗಳು ನಾಲ್ಕರಿಂದ ಐದರೊಳಗೆ ಬಾಗಿಲು ಹಾಕುತ್ತವೆ. ಬೆಳಿಗ್ಗೆ 10ಕ್ಕೆ ಶುರುಮಾಡಿ ಸಂಜೆ 6ಕ್ಕೆ ಮುಗಿಸುವ 8 ಗಂಟೆಗೂ, 8ಕ್ಕೆ ಶುರುಮಾಡಿ 4ಕ್ಕೆ ಮುಗಿಸುವ 8 ಗಂಟೆಗೂ ಬೆಲೆ ಒಂದೇ, ಆದರೆ ಮೊದಲನೆಯದರಲ್ಲಿ ಕೊನೆಯ ಒಂದು ಗಂಟೆಗೂ ಹೆಚ್ಚು ಕತ್ತಲೆಯಲ್ಲೇ ಕಳೆಯುತ್ತದೆ. ಒಸಾಕಾದಿಂದ ಕ್ಯೋಟೋಗೆ ವೇಗದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಸಾಧ್ಯವಾದರೆ ಹಿಂದಿನ ರಾತ್ರಿಯೇ ಕ್ಯೋಟೋದಲ್ಲಿ ತಂಗಿ. ಗೈಡ್ ಜೊತೆಗಿನ ಗಡಿಯಾರ ಒಪ್ಪಿಕೊಂಡ ಹೊತ್ತಿಗೆ ಶುರುವಾಗುತ್ತದೆ, ನೀವು ತಲುಪಿದ ಹೊತ್ತಿಗಲ್ಲ.

ಇನ್ನು ಕಾರಿನ ವಿಷಯ. ಕ್ಯೋಟೋದಲ್ಲಿ ‘ಖಾಸಗಿ ಗೈಡ್’ ಎಂದರೆ ಆ ದಿನ ನಿಮ್ಮ ಗುಂಪಿನ ಜೊತೆ ಬೇರೆ ಯಾರೂ ಇರುವುದಿಲ್ಲ ಎಂದಷ್ಟೇ ಅರ್ಥ. ಹೆಚ್ಚಿನ ಪ್ರವಾಸಗಳಲ್ಲಿ ಗೈಡ್ ಹೋಟೆಲಿನ ಬಾಗಿಲಿಗೋ ರೈಲು ನಿಲ್ದಾಣಕ್ಕೋ ನಡೆದು ಬರುತ್ತಾರೆ, ಅಲ್ಲಿಂದ ಎಲ್ಲರೂ ರೈಲು, ಬಸ್ಸು, ಟ್ಯಾಕ್ಸಿಗಳಲ್ಲೇ ಓಡಾಡುತ್ತಾರೆ. ನಿಮ್ಮ ಟಿಕೆಟ್, ಪ್ರವೇಶಧನ, ಊಟ ಪ್ರತ್ಯೇಕ. ಗೈಡ್‌ನ ಪ್ರಯಾಣ ಮತ್ತು ಪ್ರವೇಶಧನವನ್ನೂ ಸಾಮಾನ್ಯವಾಗಿ ನೀವೇ ಕೊಡಬೇಕು, ಊಟ ಯಾರದು ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ದರ ಇಡೀ ಗುಂಪಿಗೋ ತಲೆಗಿಷ್ಟೋ ಎಂಬುದನ್ನೂ ಕೇಳಿ. ಐದು ಜನರ ಕುಟುಂಬಕ್ಕೆ ಗುಂಪಿನ ದರವೇ ಲಾಭದಾಯಕ. ಟಿಪ್ಸ್ ಕೊಡುವ ವಾಡಿಕೆ ಜಪಾನಿನಲ್ಲಿ ಇಲ್ಲ.

ಇಲ್ಲಿ ನಿಮಗೊಂದು ವಿಶೇಷ ತೊಡಕಿದೆ. ನೀವು ಐದು ಜನ, ಗೈಡ್ ಸೇರಿ ಆರು. ಸಾಮಾನ್ಯ ಟ್ಯಾಕ್ಸಿಯಲ್ಲಿ ನಾಲ್ಕು ಜನರಷ್ಟೇ ಕೂರಬಹುದು. ಅಂದರೆ ಪ್ರತಿಸಲವೂ ಎರಡು ಟ್ಯಾಕ್ಸಿ ಬೇಕು, ಒಂದರಲ್ಲಿ ಗೈಡ್ ಇರುವುದಿಲ್ಲ. ದೊಡ್ಡ ವ್ಯಾನ್ ಮಾದರಿಯ ಟ್ಯಾಕ್ಸಿಯನ್ನು ಚಾಲಕರ ಸಮೇತ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯಬಹುದು, ಆದರೆ ಎಲೆ ಕೆಂಪಾಗುವ ಕಾಲಕ್ಕೆ ಅದನ್ನು ಬಹಳ ಮುಂಚೆಯೇ ಕಾಯ್ದಿರಿಸಬೇಕು, ಕಾಯ್ದಿರಿಸಿದರೂ ಪೂರ್ವದ ಬೆಟ್ಟದ ಬುಡದ ರಸ್ತೆಗಳಲ್ಲಿ ಅದು ಆಮೆಯಂತೆ ಸಾಗುತ್ತದೆ. ಆ ವಾರದಲ್ಲಿ ರೈಲೇ ವಿಶ್ವಾಸಾರ್ಹ. ಬೆಟ್ಟ ಹತ್ತುವ ಒಂದೆರಡು ತುಂಡು ದಾರಿಗೆ ಮಾತ್ರ ಟ್ಯಾಕ್ಸಿ ಹಿಡಿಯಿರಿ ಎನ್ನುವುದು ನನ್ನ ಸಲಹೆ.

ಕಡಿಮೆ ದರಕ್ಕೆ ‘ಗೈಡೇ ಕಾರು ಓಡಿಸುತ್ತಾರೆ’ ಎಂಬ ಕೊಡುಗೆ ಬಂದರೆ ದಯವಿಟ್ಟು ಎಚ್ಚರ ವಹಿಸಿ. ನಮ್ಮಲ್ಲಿ ಹಳದಿ ಬೋರ್ಡ್, ವೈಟ್ ಬೋರ್ಡ್ ಇರುವಂತೆ ಜಪಾನಿನಲ್ಲಿ ಬಾಡಿಗೆಗೆ ಜನರನ್ನು ಒಯ್ಯುವ ವಾಹನಕ್ಕೆ ಹಸಿರು ಹಿನ್ನೆಲೆಯ ಮೇಲೆ ಬಿಳಿ ಅಕ್ಷರದ ಫಲಕ ಇರುತ್ತದೆ, ಸ್ವಂತ ಕಾರಿಗೆ ಬಿಳಿ ಫಲಕ. ಪರವಾನಗಿ ಇಲ್ಲದೆ ಸ್ವಂತ ಕಾರಿನಲ್ಲಿ ಹಣ ಪಡೆದು ಪ್ರವಾಸಿಗರನ್ನು ಸುತ್ತಿಸುವುದು ಅಲ್ಲಿ ಕಾನೂನುಬಾಹಿರ. ಅಪಘಾತವಾದರೆ ವಿಮೆ ನಿಮ್ಮ ನೆರವಿಗೆ ಬರುತ್ತದೆ ಎಂದು ನಂಬುವಂತಿಲ್ಲ. ಎಪ್ಪತ್ತು ದಾಟಿದವರನ್ನು ಜೊತೆಗಿಟ್ಟುಕೊಂಡು ಈ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬೇಡಿ.

ಗೈಡ್‌ನ ಸರ್ಕಾರಿ ಪರವಾನಗಿಯ ಬಗ್ಗೆಯೂ ಒಂದು ಹಳೆಯ ತಿಳಿವಳಿಕೆ ಹರಿದಾಡುತ್ತಿದೆ. 2018ರ ಆರಂಭದವರೆಗೆ ಹಣ ಪಡೆದು ವಿದೇಶಿ ಭಾಷೆಯಲ್ಲಿ ಮಾರ್ಗದರ್ಶನ ಮಾಡಲು ರಾಷ್ಟ್ರೀಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ನೋಂದಾಯಿಸಿಕೊಂಡಿರಲೇಬೇಕಿತ್ತು. ಕಾನೂನು ತಿದ್ದುಪಡಿಯಾದ ನಂತರ ಯಾರು ಬೇಕಾದರೂ ಈ ಕೆಲಸ ಮಾಡಬಹುದು, ಪರೀಕ್ಷೆ ಪಾಸಾದವರು ಮಾತ್ರ ‘ರಾಷ್ಟ್ರೀಯ ಪರವಾನಗಿ ಪಡೆದ ಗೈಡ್’ ಎಂದು ಹೇಳಿಕೊಳ್ಳಬಹುದು. ಹಾಗಾಗಿ ಪರವಾನಗಿ ಇಲ್ಲದವರೆಲ್ಲ ವಂಚಕರಲ್ಲ. ಆದರೆ ಇತಿಹಾಸ, ಭೂಗೋಳ, ಭಾಷೆಗಳ ಪರೀಕ್ಷೆ ದಾಟಿದವರಲ್ಲಿ ಒಂದು ಕನಿಷ್ಠ ಮಟ್ಟ ಖಾತರಿ ಇರುತ್ತದೆ. ಉಳಿದವರ ವಿಷಯದಲ್ಲಿ ಹಿಂದೆ ಅವರ ಜೊತೆ ಹೋದವರ ಅನುಭವವನ್ನೇ ನೆಚ್ಚಬೇಕಾಗುತ್ತದೆ.

ನಿಮ್ಮ ಮೈದುನರ ಮಾತಿನಲ್ಲಿ ಅರ್ಧ ಸತ್ಯವಿದೆ. ಫುಶಿಮಿ ಇನಾರಿಯ ಸಾಲು ತೋರಿಗಳ, ಅಂದರೆ ಕೆಂಪು ಹೆಬ್ಬಾಗಿಲುಗಳ, ಕೆಳಗೆ ನಡೆಯಲು ಗೈಡ್ ಬೇಕಿಲ್ಲ. ಕಿಂಕಾಕುಜಿಯಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಕೊಳವನ್ನು ಬಳಸಿ ಸಾಗಿ ಹೊರಬರುತ್ತಾರೆ. ಹಳೆಯ ಚಿನ್ನದ ಮಂಟಪ 1950ರಲ್ಲಿ ಸುಟ್ಟುಹೋಯಿತು, ಈಗಿನದು 1955ರಲ್ಲಿ ಮತ್ತೆ ಕಟ್ಟಿದ್ದು ಎಂಬಷ್ಟನ್ನು ಮೊಬೈಲೇ ತಿಳಿಸುತ್ತದೆ. ರೈಲಿನ ವೇಳೆ, ದಾರಿ, ಫಲಕಗಳ ಅನುವಾದ ಇವೆಲ್ಲಕ್ಕೂ ಮೊಬೈಲ್ ಸಾಕು. ಆದರೆ ಕೆಲವು ಜಾಗಗಳಲ್ಲಿ ಕಣ್ಣೆದುರು ಇರುವುದು ಏನೆಂದು ಹೇಳುವವರಿಲ್ಲದಿದ್ದರೆ ನಾವು ನೋಡಿಯೂ ನೋಡದಂತೆ ಹೊರಬರುತ್ತೇವೆ. ಅಂತಹ ಒಂದು ಜಾಗ ನಿಮ್ಮ ಪಟ್ಟಿಯಲ್ಲೇ ಇಲ್ಲ. ನಿಮ್ಮ ಮಾವನಂತಹ ಹಿರಿಯರು ಜೊತೆಗಿದ್ದಾಗ ನಾನು ಮೊದಲು ಬರೆದುಕೊಳ್ಳುವುದು ಅದನ್ನೇ.

ಅದು ಸಂಜೂಸಂಗೆನ್‌ದೋ. 1164ರಲ್ಲಿ ಸ್ಥಾಪನೆಯಾಗಿ, ಬೆಂಕಿಗೆ ಆಹುತಿಯಾಗಿ, 1266ರಲ್ಲಿ ಮತ್ತೆ ಎದ್ದುನಿಂತ, ಸುಮಾರು 120 ಮೀಟರ್ ಉದ್ದದ ಮರದ ಮಂದಿರ. ಒಳಗೆ ಬೌದ್ಧರ ಕರುಣೆಯ ಬೋಧಿಸತ್ವನಾದ ಅವಲೋಕಿತೇಶ್ವರನ 1001 ವಿಗ್ರಹಗಳಿವೆ. ಜಪಾನಿಗರು ಅವನನ್ನು ಕನ್ನೋನ್ ಎನ್ನುತ್ತಾರೆ. ನಡುವೆ ಕುಳಿತಿರುವ ದೊಡ್ಡ ವಿಗ್ರಹವನ್ನು ಶಿಲ್ಪಿ ತಂಕೇಯಿ ತನ್ನ ಇಳಿವಯಸ್ಸಿನಲ್ಲಿ, 1254ರಲ್ಲಿ ಪೂರ್ಣಗೊಳಿಸಿದ. ನಮ್ಮ ಸೋಮನಾಥಪುರದ ಕೇಶವ ದೇವಾಲಯ ಪೂರ್ಣಗೊಂಡದ್ದು 1258ರಲ್ಲಿ. ಅಲ್ಲಿ ಸೈಪ್ರಸ್ ಮರ, ಇಲ್ಲಿ ಬಳಪದ ಕಲ್ಲು, ಆದರೆ ಎರಡೂ ಕಡೆ ಉಳಿ ಆಡುತ್ತಿದ್ದುದು ಒಂದೇ ಕಾಲದಲ್ಲಿ. ಈ ಸಾವಿರ ವಿಗ್ರಹಗಳ ಮುಂದಿನ ಸಾಲಿನಲ್ಲಿ 28 ಪರಿವಾರ ದೇವತೆಗಳು ನಿಂತಿದ್ದಾರೆ. ಅವರಲ್ಲಿ ಬೊಂತೆನ್ ಎಂದರೆ ಬ್ರಹ್ಮ, ತೈಶಾಕುತೆನ್ ಎಂದರೆ ಇಂದ್ರ, ಕರುರಾ ಎಂದರೆ ಗರುಡ. ಜೊತೆಗೆ ಕಿನ್ನರ, ಗಂಧರ್ವ, ಅಸುರ, ನಾಗರಾಜರೂ ಇದ್ದಾರೆ. ಸಾಲಿನ ಎರಡು ತುದಿಗಳಲ್ಲಿ ಗಾಳಿಯ ದೇವರು, ಗುಡುಗಿನ ದೇವರು. ಬೇಲೂರಿನಲ್ಲಿ ಚೆನ್ನಕೇಶವನ ಎದುರು ಕೈಮುಗಿದು ನಿಂತ ಗರುಡನನ್ನು ಕಂಡವರು ಇಲ್ಲಿ ರೆಕ್ಕೆಬಿಚ್ಚಿ ಕೊಳಲು ಊದುತ್ತಿರುವ ಗರುಡನ ಮುಂದೆ ಮಾತಿಲ್ಲದೆ ನಿಲ್ಲುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ನೆಲ ಸಮತಟ್ಟು, ಮೆಟ್ಟಿಲುಗಳ ಕಾಟವಿಲ್ಲ, ನಿಮ್ಮ ಅತ್ತೆಗೂ ಸುಲಭ. ಒಳಗೆ ಫೋಟೋ ತೆಗೆಯುವಂತಿಲ್ಲ, ಚಪ್ಪಲಿ ಬಿಡಬೇಕು, ಚಳಿಗೆ ದಪ್ಪ ಕಾಲುಚೀಲ ಇರಲಿ.

ಇಂತಹ ಕಡೆ ಗೈಡ್‌ಗೆ ಕೊಟ್ಟ ಹಣ ಸಾರ್ಥಕ. ನಿಜೋ ಕೋಟೆಯೂ ಅಂಥದ್ದೇ. ಜಪಾನನ್ನು ಆಳಿದ ಸೇನಾಧಿಪತಿ (ಶೋಗನ್) ತೊಕುಗಾವಾ ಇಯೆಯಾಸು 1603ರಲ್ಲಿ ಕಟ್ಟಿಸಿದ ಆ ಅರಮನೆಯಲ್ಲಿ ಯಾವ ದರ್ಜೆಯ ಅತಿಥಿಯನ್ನು ಯಾವ ಕೋಣೆಯಲ್ಲಿ, ಯಾವ ಚಿತ್ರದ ಮುಂದೆ ಕೂರಿಸುತ್ತಿದ್ದರು ಎಂಬುದು ಬಿಡಿಸಿ ಹೇಳಿದಾಗ ಮಾತ್ರ ಅರ್ಥವಾಗುತ್ತದೆ. ಕಾಲಿಟ್ಟರೆ ಹಕ್ಕಿಯಂತೆ ಚಿಲಿಪಿಲಿಗುಡುವ ಮರದ ನೆಲ ಮಗಳಿಗೆ ಇಷ್ಟವಾದೀತು.

ಭಾಷೆಯ ತೊಡಕನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗೈಡ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನೀವು ಅತ್ತೆ ಮಾವನಿಗೆ ಕನ್ನಡದಲ್ಲಿ ಹೇಳಬೇಕು. ಪ್ರತಿ ವಿವರಣೆಗೂ ಎರಡು ಪಟ್ಟು ಸಮಯ ಹಿಡಿಯುತ್ತದೆ, ದಿನದ ಕೊನೆಗೆ ಎಲ್ಲರಿಗಿಂತ ಹೆಚ್ಚು ದಣಿದವರು ನೀವೇ ಆಗಿರುತ್ತೀರಿ. ಚಿಕ್ಕ ಚಿಕ್ಕ ತುಂಡುಗಳಲ್ಲಿ ಹೇಳಿ ನಿಲ್ಲಿಸುವಂತೆ ಗೈಡ್‌ಗೆ ಮೊದಲೇ ತಿಳಿಸಿ, ಈ ಕೆಲಸವನ್ನು ನೀವೂ ಪತಿಯೂ ಹಂಚಿಕೊಳ್ಳಿ.

ಊಟದ ವಿಷಯಕ್ಕೆ ಬರೋಣ, ಏಕೆಂದರೆ ನಮ್ಮವರ ದಿನ ಕೆಡುವುದು ಹೆಚ್ಚಾಗಿ ಇಲ್ಲೇ. ‘ತರಕಾರಿ ಊಟ’ ಎಂದು ಕೇಳಿದರೆ ಜಪಾನಿನಲ್ಲಿ ತರಕಾರಿಯ ಊಟವೇ ಬರುತ್ತದೆ, ಆದರೆ ಅದರ ಸಾರು ಸಾಮಾನ್ಯವಾಗಿ ದಾಶಿ ಎಂಬ ತಿಳಿಯಿಂದ ಮಾಡಿದ್ದು, ಆ ದಾಶಿಗೆ ಒಣಗಿಸಿ ಹೆರೆದ ಬೊನಿಟೋ ಮೀನು ಹಾಕಿರುತ್ತಾರೆ. ಬಡಿಸುವವರು ಸುಳ್ಳು ಹೇಳುತ್ತಿರುವುದಿಲ್ಲ, ತಟ್ಟೆಯಲ್ಲಿ ಮೀನಿನ ತುಂಡು ಇಲ್ಲದಿದ್ದರೆ ಅದು ಮೀನಿನ ಅಡುಗೆ ಎಂದು ಅವರಿಗೆ ಅನ್ನಿಸುವುದಿಲ್ಲ. ಇದಕ್ಕೆ ಕ್ಯೋಟೋದಲ್ಲೇ ಒಂದು ಒಳ್ಳೆಯ ಉತ್ತರವಿದೆ. ಝೆನ್ ಮಠಗಳ ಸಾಂಪ್ರದಾಯಿಕ ಊಟವಾದ ಶೋಜಿನ್ ರ್ಯೋರಿಯಲ್ಲಿ ಮಾಂಸ, ಮೀನು, ಮೊಟ್ಟೆ ಇರುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿಯಂತಹ ಘಾಟಿನ ಪದಾರ್ಥಗಳೂ ನಿಷಿದ್ಧ. ಸಾರಿಗೆ ಕೊಂಬು ಎಂಬ ಕಡಲಪಾಚಿ, ಅಣಬೆ ಬಳಸುತ್ತಾರೆ. ಶೋಜಿನ್ ಎಂಬ ಪದ ಸಂಸ್ಕೃತದ ‘ವೀರ್ಯ’ ಎಂಬ ಬೌದ್ಧ ಪರಿಭಾಷೆಯ ಅನುವಾದ, ಸಾಧನೆಯಲ್ಲಿನ ಶ್ರದ್ಧೆ ಎಂದು ಅದರ ಅರ್ಥ. ಅರಾಶಿಯಾಮಾದ ತೆನ್ರ್ಯೂಜಿ ಎಂಬ ಝೆನ್ ದೇವಾಲಯದ ಆವರಣದಲ್ಲೇ ಈ ಊಟ ಸಿಗುತ್ತದೆ, ಊರಿನ ಬೇರೆಡೆಯೂ ಇದೆ. ಆದರೆ ಹೊತ್ತು ಮೀರಿದರೆ ಸಿಗುವುದಿಲ್ಲ, ಮುಂಚೆಯೇ ಕಾಯ್ದಿರಿಸಬೇಕು. ಹಲವೆಡೆ ಚಾಪೆಯ ಮೇಲೆ ನೆಲದಲ್ಲಿ ಕೂರಬೇಕಾಗುತ್ತದೆ, ಮಂಡಿನೋವಿನವರಿಗಾಗಿ ಕುರ್ಚಿ ಇರುವ ಜಾಗವನ್ನೇ ಗೈಡ್ ಮೂಲಕ ಕೇಳಿಸಿ. ಉಪ್ಪು, ಖಾರ ಕಡಿಮೆ. ಅತ್ತೆಯ ಕೈಚೀಲದಲ್ಲಿ ಚಟ್ನಿಪುಡಿಯ ಪುಟ್ಟ ಡಬ್ಬಿ ಇರಲಿ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳೇನು? ನನ್ನ ಮೊದಲ ಆಯ್ಕೆ ಊರಿನ ಪೂರ್ವ ಭಾಗವನ್ನಷ್ಟೇ ಹಿಡಿಯುವುದು. ಫುಶಿಮಿ ಇನಾರಿ ಹಗಲಿರುಳು ತೆರೆದಿರುತ್ತದೆ, ಪ್ರವೇಶಧನವಿಲ್ಲ. ಬೆಳಿಗ್ಗೆ 8ಕ್ಕೆ ಅಲ್ಲಿರಿ. ಇನಾರಿ ಬೆಟ್ಟ 233 ಮೀಟರ್ ಎತ್ತರವಿದ್ದು ಪೂರ್ತಿ ಸುತ್ತಲು ಎರಡು ಗಂಟೆಗೂ ಹೆಚ್ಚು ಬೇಕು. ನೀವು ಸಾಲು ತೋರಿಗಳನ್ನು ದಾಟಿ ಮೊದಲ ಪುಟ್ಟ ಗುಡಿಯವರೆಗೆ ಹೋಗಿ ತಿರುಗಿದರೆ ಸಾಕು, ಅಲ್ಲಿಂದ ಮೇಲೆ ಮೆಟ್ಟಿಲುಗಳೇ ಮೆಟ್ಟಿಲುಗಳು. ನಂತರ ಕೇಹಾನ್ ರೈಲಿನಲ್ಲಿ ಮೂರನೆಯ ನಿಲ್ದಾಣವಾದ ಶಿಚಿಜೋದಲ್ಲಿ ಇಳಿದು ಹತ್ತು ನಿಮಿಷದೊಳಗೆ ನಡೆದರೆ ಸಂಜೂಸಂಗೆನ್‌ದೋ. ಅಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಇಡಿ. ನಿಧಾನವಾಗಿ ಊಟ ಮಾಡಿ, ಮಧ್ಯಾಹ್ನ ಟ್ಯಾಕ್ಸಿಯಲ್ಲಿ ಕಿಯೊಮಿಜುವಿಗೆ ಹೋಗಿ. 1633ರಲ್ಲಿ ಮತ್ತೆ ಕಟ್ಟಿದ ಮುಖ್ಯ ಮಂದಿರದ ಮರದ ಜಗಲಿ ಕಣಿವೆಯ ಮೇಲೆ 13 ಮೀಟರ್ ಎತ್ತರದಲ್ಲಿ ಚಾಚಿಕೊಂಡಿದೆ. ಕೆಳಗೆ ಕೆಂಪೆಲೆಗಳ ಕಾಡು.

ಇಲ್ಲೊಂದು ಅಪಾಯವನ್ನು ಹೇಳಲೇಬೇಕು. ಕಿಯೊಮಿಜುವಿನಿಂದ ಗಿಯೋನ್ ಕಡೆಗೆ ಇಳಿಯುವ ಸನ್ನೆನ್‌ಜಾಕಾ, ನಿನೆನ್‌ಜಾಕಾ ಬೀದಿಗಳು ಚೆಂದ, ಆದರೆ ಕಲ್ಲಿನ ಮೆಟ್ಟಿಲುಗಳು. ಮಂಡಿನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎಂಬುದು ಮನೆಯವರಿಗೂ ಎಷ್ಟೋ ಸಲ ಅಲ್ಲಿಗೆ ಹೋದ ಮೇಲೆಯೇ ಹೊಳೆಯುತ್ತದೆ, ಅಷ್ಟರಲ್ಲಿ ಜನಜಂಗುಳಿಯ ನಡುವೆ ಹಿಂದಿರುಗುವ ದಾರಿ ಇರುವುದಿಲ್ಲ. ಅತ್ತೆಯನ್ನು ಬಂದ ಇಳಿಜಾರಿನಲ್ಲೇ ವಾಪಸ್ ಕರೆದುಕೊಂಡು ಬಂದು ಟ್ಯಾಕ್ಸಿ ಹತ್ತಿಸಿ. ನೀವು ಎರಡು ಗುಂಪಾದರೆ ಗೈಡ್ ಒಂದೇ ಕಡೆ ಇರಲು ಸಾಧ್ಯ. ಅವರು ಹಿರಿಯರ ಜೊತೆಗೇ ಇರಲಿ, ಮೆಟ್ಟಿಲಿಳಿಯುವ ನಿಮಗೆ ಮೊಬೈಲ್ ಸಾಕು.

ಎರಡನೆಯ ದಾರಿ ಪಶ್ಚಿಮದ್ದು: ಕ್ಯೋಟೋ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಕಾಲು ಗಂಟೆಗೆ ಅರಾಶಿಯಾಮಾ, ಮುಂಜಾನೆಯ ಬಿದಿರುವನ, 1339ರಲ್ಲಿ ಸ್ಥಾಪನೆಯಾದ ತೆನ್ರ್ಯೂಜಿ, ಅಲ್ಲೇ ಶೋಜಿನ್ ಊಟ, ಮಧ್ಯಾಹ್ನ ಕಿಂಕಾಕುಜಿ. ಮಂಡಿಗೂ ಹೊಟ್ಟೆಗೂ ಇದು ಹಿತ, ಚಿನ್ನದ ಮಂಟಪದ ಫೋಟೋ ಮಗಳಿಗೆ ಸಿಗುತ್ತದೆ. ಆದರೆ ಬೆಳಿಗ್ಗೆ ಒಂಬತ್ತು ದಾಟಿದರೆ ಬಿದಿರುವನದಲ್ಲಿ ಬಿದಿರಿಗಿಂತ ತಲೆಗಳೇ ಹೆಚ್ಚು ಕಾಣುತ್ತವೆ, ಮತ್ತು ಈ ದಿನದಲ್ಲಿ ಗೈಡ್ ಹೇಳಬೇಕಾದದ್ದು ಪೂರ್ವದಲ್ಲಿರುವಷ್ಟು ಇಲ್ಲ. ಈ ದಾರಿ ಹಿಡಿದರೆ ಗೈಡ್ ಇಲ್ಲದೆ ಹೋಗಿ ಉಳಿದ ಹಣವನ್ನು ಟ್ಯಾಕ್ಸಿಗೆ ಹಾಕಿದರೂ ತಪ್ಪಿಲ್ಲ.

ಮೂರನೆಯದು, 4 ಗಂಟೆಗಷ್ಟೇ ಗೈಡ್ ಪಡೆದು ಉಳಿದರ್ಧ ದಿನ ಸ್ವತಂತ್ರವಾಗಿರುವುದು. ಖರ್ಚು ತಗ್ಗುತ್ತದೆ, ಹಿರಿಯರು ಬೇಕೆನಿಸಿದಾಗ ಹೋಟೆಲಿಗೆ ಮರಳಬಹುದು. ಆದರೆ ಮಧ್ಯಾಹ್ನ ದಣಿದ ಹೊತ್ತಿನಲ್ಲಿ ದಾರಿ ಹುಡುಕುವ ಹೊಣೆ ನಿಮ್ಮದಾಗುತ್ತದೆ. ನಾಲ್ಕನೆಯದು ಸ್ವಯಂಸೇವಕ ಗೈಡ್‌ಗಳು. ಅವರು ಶುಲ್ಕ ಪಡೆಯುವುದಿಲ್ಲ, ಪ್ರಯಾಣ, ಪ್ರವೇಶ, ಊಟದ ಖರ್ಚನ್ನಷ್ಟೇ ನೀವು ನೋಡಿಕೊಳ್ಳಬೇಕು. ಆತ್ಮೀಯರು, ಆದರೆ ನಿಮ್ಮ ದಿನಕ್ಕೆ ಸಿಗುವ ಖಾತರಿ ಇಲ್ಲ, ಊಟ ಕಾಯ್ದಿರಿಸುವಂತಹ ಕೆಲಸವನ್ನು ಅವರಿಂದ ನಿರೀಕ್ಷಿಸುವುದು ನ್ಯಾಯವೂ ಅಲ್ಲ.

ಗಿಯೋನ್ ಬಗ್ಗೆ ಒಂದು ಮಾತು. ‘ಗೇಶಾರನ್ನು ತೋರಿಸುತ್ತೇವೆ’ ಎಂದು ಯಾರಾದರೂ ಭರವಸೆ ಕೊಟ್ಟರೆ ಒಪ್ಪಬೇಡಿ. ಹಾಡು, ನೃತ್ಯದಿಂದ ಅತಿಥಿಗಳನ್ನು ರಂಜಿಸುವ ಈ ಕಲಾವಿದೆಯರನ್ನು ಕ್ಯೋಟೋದಲ್ಲಿ ಗೇಕೋ ಎನ್ನುತ್ತಾರೆ, ಕಲಿಯುತ್ತಿರುವ ಎಳೆಯರನ್ನು ಮೈಕೋ ಎನ್ನುತ್ತಾರೆ. ಬೀದಿಯಲ್ಲಿ ಕಾಣುವವರು ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳು. ಪ್ರವಾಸಿಗರು ಅಡ್ಡಗಟ್ಟಿ ಫೋಟೋ ತೆಗೆದು ಕಾಡಿದ್ದರಿಂದಲೇ 2024ರಲ್ಲಿ ಅಲ್ಲಿನ ಖಾಸಗಿ ಓಣಿಗಳಿಗೆ ಪ್ರವೇಶ ನಿಷೇಧಿಸಿ 10,000 ಯೆನ್ ದಂಡದ ಫಲಕ ಹಾಕಿದರು. ಮುಖ್ಯ ಬೀದಿಯಲ್ಲಿ ನಡೆದು ಬನ್ನಿ, ಅದಕ್ಕೆ ಅಡ್ಡಿಯಿಲ್ಲ.

ನಾರಾವನ್ನು ಈ ಬಾರಿ ಬಿಡಿ. ಅಲ್ಲಿನ ಮಹಾಬುದ್ಧನಿಗೆ 752ರಲ್ಲಿ ಕಣ್ಣು ಬರೆದು ಪ್ರತಿಷ್ಠೆ ಮಾಡಿದವರು ಬೋಧಿಸೇನ ಎಂಬ ಭಾರತೀಯ ಭಿಕ್ಷು. ಅಂತಹ ಜಾಗಕ್ಕೆ ಅವಸರದ ಒಂದು ಗಂಟೆ ಸಾಲದು. ಟೋಕಿಯೋದಿಂದ ಒಂದು ದಿನ ಕಡಿತ ಮಾಡಲು ಸಾಧ್ಯವಾದರೆ ಆ ದಿನವನ್ನು ನಾರಾಕ್ಕೆ ಕೊಡಿ.

ಹಣ ಕಟ್ಟುವ ಮೊದಲು ಗೈಡ್‌ಗೆ ಒಂದು ಪತ್ರ ಬರೆಯಿರಿ. ಸ್ಥಳಗಳ ಪಟ್ಟಿ ಅದರಲ್ಲಿ ಬೇಡ, ನಿಮ್ಮ ಕುಟುಂಬದ ವಿವರ ಇರಲಿ: ಅತ್ತೆ ನಿಲ್ಲದೆ ಎಷ್ಟು ನಿಮಿಷ ನಡೆಯಬಲ್ಲರು, ಮೆಟ್ಟಿಲು ಇಳಿಯಬಲ್ಲರೇ, ಯಾವ ಪದಾರ್ಥ ನಿಷಿದ್ಧ, ಮಾವನಿಗೆ ಯಾವುದರಲ್ಲಿ ಆಸಕ್ತಿ, ಮಗಳು ಎಷ್ಟು ಹೊತ್ತಿಗೆ ಬೇಸರಪಡುತ್ತಾಳೆ. ಎಲ್ಲಕ್ಕೂ ‘ಆಗುತ್ತದೆ’ ಎಂಬ ಒಂದು ಸಾಲಿನ ಉತ್ತರ ಬಂದರೆ ಬೇರೆಯವರನ್ನು ಹುಡುಕಿ. ನಿಮ್ಮ ಪಟ್ಟಿಯಿಂದ ಏನಾದರೂ ತೆಗೆಯಲು ಹೇಳುವವರು, ಮರುಪ್ರಶ್ನೆ ಕೇಳುವವರು ಕೆಲಸ ಬಲ್ಲವರು. ದಿನದ ನಡುವೆ ಒಂದು ಸ್ಥಳ ಕೈಬಿಟ್ಟು ಇನ್ನೊಂದರಲ್ಲಿ ಹೆಚ್ಚು ಹೊತ್ತು ಇರಲು ಯಾವ ಒಳ್ಳೆಯ ಗೈಡೂ ಒಪ್ಪುತ್ತಾರೆ. ಆದರೆ ಕಾಯ್ದಿರಿಸಿದ ಊಟವನ್ನು ಸರಿಸುವುದು, ಊರಿನ ಇನ್ನೊಂದು ತುದಿಗೆ ಹಾರುವುದು, ಹೆಚ್ಚುವರಿ ಗಂಟೆ ಪಡೆಯುವುದು ಆಗದಿರಬಹುದು. ರದ್ದತಿಯ ನಿಯಮವನ್ನೂ, ಹಿರಿಯರಿಗೆ ಆರೋಗ್ಯ ಕೆಟ್ಟರೆ ಏನು ಎಂಬುದನ್ನೂ ಬರಹದಲ್ಲಿ ಪಡೆಯಿರಿ.

ಕೊನೆಯದಾಗಿ ನಿಮ್ಮ ಪೆಟ್ಟಿಗೆಗಳು. ಐದು ಜನರ ಸೂಟ್‌ಕೇಸ್ ಎಳೆದುಕೊಂಡು ಈ ದಿನವನ್ನು ಆರಂಭಿಸಬೇಡಿ, ಆ ವಾರದಲ್ಲಿ ನಿಲ್ದಾಣದ ಲಾಕರುಗಳು ಬೆಳಿಗ್ಗೆಯೇ ತುಂಬಿಬಿಡುತ್ತವೆ. ಒಸಾಕಾದ ಹೋಟೆಲಿನ ಸ್ವಾಗತ ಕಟ್ಟೆಯಲ್ಲೇ ಕೊಟ್ಟರೆ ಅವನ್ನು ಟೋಕಿಯೋದ ಹೋಟೆಲಿಗೆ ಸಾಗಿಸುವ ಸೇವೆ ಇದೆ, ಸಾಮಾನ್ಯವಾಗಿ ಮರುದಿನ ತಲುಪುತ್ತವೆ. ಒಂದು ರಾತ್ರಿಯ ಬಟ್ಟೆ ಮತ್ತು ಹಿರಿಯರ ಮಾತ್ರೆಗಳನ್ನು ಮಾತ್ರ ಕೈಚೀಲದಲ್ಲಿ ಇಟ್ಟುಕೊಳ್ಳಿ.